ಮಾಳಪ್ಪನವರ ಡಿಸ್ಚಾರ್ಜ್ ಬುಕ್

ನಾಲ್ಕು ವರ್ಷದ ಹಿಂದಿನ ಮಾತು. ಆಗ ನಾನು ಸಾಂಗ್ಲಿಯಲ್ಲಿ ಮಾಜಿ ಸೈನಿಕರ ಕೆಲಸ ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಅದಕ್ಕೂ ಮೊದಲು ಹದಿನೇಳು ವರ್ಷ ಸೈನ್ಯದಲ್ಲೇ ಕ್ಲರ್ಕ್ ಆಗಿದ್ದವನು. ಕಚೇರಿಯ ವ್ಯವಹಾರವೆಲ್ಲ ಮರಾಠಿಯಲ್ಲಿ ನಡೆಯುತ್ತಿತ್ತು. ನಾನು ಜತ್ತ ತಾಲೂಕಿನ ಬಾಲಗಾಂವದವನು, ಮನೆಮಾತು ಕನ್ನಡ. ಹೀಗಾಗಿ ಜತ್ತದಲ್ಲಿ ಶಿಬಿರವಿದ್ದಾಗಲೆಲ್ಲ ನನ್ನನ್ನೇ ಕಳಿಸುತ್ತಿದ್ದರು.

ಶಿಬಿರದ ಮುಖ್ಯ ಕೆಲಸ ಮಾಜಿ ಸೈನಿಕರ ಗುರುತಿನ ಕಾರ್ಡಿಗೆ ಅರ್ಜಿ ತುಂಬಿಸುವುದು. ಆಧಾರ್ ಕಾರ್ಡಾಗಲಿ ಡ್ರೈವಿಂಗ್ ಲೈಸೆನ್ಸಾಗಲಿ ಈ ಮನುಷ್ಯ ಒಂದು ಕಾಲಕ್ಕೆ ಸೈನಿಕನಾಗಿದ್ದ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಈ ಕಾರ್ಡು. ಇದಕ್ಕೆ ಆಧಾರ ಡಿಸ್ಚಾರ್ಜ್ ಬುಕ್, ಅಂದರೆ ಸೈನ್ಯ ಬಿಡುವಾಗ ಪ್ರತಿಯೊಬ್ಬನ ಕೈಗೆ ಕೊಡುವ ಸಣ್ಣ ಪುಸ್ತಕ. ಎಷ್ಟು ವರ್ಷ ಸೇವೆ, ಯಾವ ಕಾರಣಕ್ಕೆ ಬಿಡುಗಡೆ, ನಡತೆ ಹೇಗಿತ್ತು, ಎಲ್ಲವೂ ಅದರಲ್ಲಿ ಇಂಗ್ಲಿಷಿನಲ್ಲಿರುತ್ತದೆ.

ಆ ದಿನ ಸಾಲಿನಲ್ಲಿ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ನಿಂತಿದ್ದರು. ಹೆಸರು ಸತ್ಯವ್ವ, ಊರು ಮಾಡಗ್ಯಾಳ. ಗಂಡ ಮಾಳಪ್ಪ ಕುರಿ ಸಾಕುತ್ತಾರೆ, ಹಿಂದೆ ಮಿಲಿಟರಿಯಲ್ಲಿದ್ದರು ಎಂದರು. ಅವರು ಯಾಕೆ ಬಂದಿಲ್ಲ ಎಂದು ಕೇಳಿದೆ.

“ಅವ್ರು ಬರಂಗಿಲ್ರಿ. ಅವ್ರನ್ನ ಮಿಲ್ಟ್ರಿಯವ್ರ ತಗದ ಹಾಕ್ಯಾರ.”

ನಲವತ್ತು ಜನ ಕಾಯುತ್ತಿದ್ದರು. ನಾನು ತಲೆ ಎತ್ತದೆಯೇ ನಿಯಮ ಹೇಳಿದೆ. ತಪ್ಪು ಮಾಡಿ ವಜಾ ಆದವರಿಗೆ ಕಾರ್ಡು ಬರುವುದಿಲ್ಲ ಅಕ್ಕಾರ, ಅಂದೆ. ಅವರು ವಾದ ಮಾಡಲಿಲ್ಲ. ಪಕ್ಕಕ್ಕೆ ಸರಿದು ಗೋಡೆಯ ನೆರಳಿನಲ್ಲಿ ಕುಳಿತರು. ನಾನು ಮುಂದಿನವರನ್ನು ಕರೆದೆ.

ಮಧ್ಯಾಹ್ನ ಸಾಲು ಕರಗಿ ನಾನು ಕಾಗದಗಳನ್ನು ಜೋಡಿಸುತ್ತಿದ್ದಾಗ ಅವರು ಮತ್ತೆ ಎದುರಿಗೆ ಬಂದು, ಸೆರಗಿನೊಳಗಿಂದ ಒಂದು ಬಟ್ಟೆಯ ಗಂಟು ತೆಗೆದು ಮೇಜಿನ ಮೇಲಿಟ್ಟರು.

“ಕಾರ್ಡ್ ಬ್ಯಾಡ್ರಿ ಸಾಹೇಬ್ರ. ಟ್ರಂಕಿನ ತಳದಾಗ ಇದು ಸಿಕ್ಕಾದ. ಅವ್ರ ಏನ್ ತಪ್ಪ ಮಾಡ್ಯಾರ ಅನ್ನೂದಷ್ಟ ಓದಿ ಹೇಳ್ರಿ. ನಲವತ್ತ ವರ್ಷ ಸಂಸಾರ ಮಾಡೀನಿ, ಒಮ್ಮಿನೂ ಕೇಳಿಲ್ಲ. ಆಗಸ್ಟ್ ಹದಿನೈದಕ್ಕ ಸಾಲ್ಯಾಗ ಮಾಜಿ ಸೈನಿಕರನ್ನ ಕರೀತಾರ, ಇವ್ರು ಅವತ್ತ ನಸಿಕಿನ್ಯಾಗ ಕುರಿ ಹೊಡ್ಕೊಂಡ ದೂರ ಹೋಗಿಬಿಡ್ತಾರ.”

ಗಂಟು ಬಿಚ್ಚಿದೆ. ಒಳಗಿದ್ದದ್ದು ಡಿಸ್ಚಾರ್ಜ್ ಬುಕ್. ಅಂಚು ಗೆದ್ದಲು ತಿಂದಿತ್ತು, ಅಕ್ಷರ ಚೆನ್ನಾಗಿದ್ದವು. ತೋಪಖಾನೆಯ ಗನ್ನರ್, ಅಂದರೆ ತೋಪು ಹಾರಿಸುವವರು. ಏಳು ವರ್ಷ ಎರಡು ತಿಂಗಳ ಸೇವೆ. ಬಿಡುಗಡೆಯ ಕಾರಣ: ಕರ್ತವ್ಯದಿಂದ ಉಂಟಾದ ಶ್ರವಣದೋಷ, ವೈದ್ಯಕೀಯ ಮಂಡಳಿಯ ತೀರ್ಮಾನ. ನಡತೆಯ ಮುಂದೆ ‘ಎಕ್ಸೆಂಪ್ಲರಿ’ ಎಂದಿತ್ತು. ಸೈನ್ಯ ಕೊಡುವ ನಡತೆಯ ದರ್ಜೆಗಳಲ್ಲಿ ಅದಕ್ಕಿಂತ ಮೇಲಿನದು ಇಲ್ಲ. ಅದರ ಕೆಳಗೆ ಮೇಜರ್ ಒಬ್ಬರು ಕೈಯಾರೆ ನಾಲ್ಕು ಸಾಲು ಬರೆದಿದ್ದರು.

ನಾನು ಬೆಳಿಗ್ಗೆ ಹೇಳಿದ ಮಾತು ನೆನಪಾಗಿ ನಾಚಿಕೆಯಾಯಿತು. “ಅಕ್ಕಾರ, ಇದರಾಗ ತಪ್ಪು ಅನ್ನೂ ಮಾತೇ ಇಲ್ಲ,” ಎಂದೆ. ಸತ್ಯವ್ವ ನನ್ನ ಮುಖವನ್ನೇ ನೋಡಿದರು. ನಾನು ಎಲ್ಲವನ್ನೂ ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಸೆರಗು ಅವರ ಬಾಯಿಯ ಮೇಲಿತ್ತು. “ಇದನ್ನ ನಾ ಹೇಳಿದ್ರ ಅವ್ರು ನಂಬಂಗಿಲ್ರಿ. ನೀವ ಬಂದ ಹೇಳ್ರಿ,” ಅಂದರು.

ಈಗ ಕಾರ್ಡಿಗೂ ಅರ್ಜಿ ಹಾಕಬಹುದಿತ್ತು, ಅದಕ್ಕೆ ಮಾಳಪ್ಪನವರ ಸಹಿ ಬೇಕಾಗಿತ್ತು. ಮರುದಿನ ಬಸ್ಸು ಹಿಡಿದು ಮಾಡಗ್ಯಾಳಕ್ಕೆ ಹೋದೆ. ಊರಾಚೆಯ ಹೊಲವೊಂದರಲ್ಲಿ ಅವರ ಕುರಿಗಳು ಮೇಯುತ್ತಿದ್ದವು. ಗಿಣಿಯ ಕೊಕ್ಕಿನ ಹಾಗೆ ಬಾಗಿದ ಮೂಗು, ಬಿಳಿಯ ಮೈಮೇಲೆ ಕಂದು ಮಚ್ಚೆ, ಆ ಊರಿನದೇ ತಳಿ. ಮಾಳಪ್ಪನವರು ಎತ್ತರದ ಆಳು, ವಯಸ್ಸು ಎಪ್ಪತ್ತಕ್ಕೆ ಹತ್ತಿರ. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯ ಹತ್ತಿರ ಜೋರಾಗಿ ಹೇಳಿದರೆ ಕೇಳುತ್ತಿತ್ತು. ಪುಸ್ತಕ ನನ್ನ ಕೈಯಲ್ಲಿ ಕಂಡ ಕೂಡಲೇ ಅವರು ಹೆಂಡತಿಯ ಕಡೆ ನೋಡಿದರು. ಸತ್ಯವ್ವ ಕಣ್ಣು ತಪ್ಪಿಸಲಿಲ್ಲ.

“ಕುಂದ್ರಿ,” ಅಂದರು ನನಗೆ, ಕಂಬಳಿ ಹಾಸಿ.

ನಾನು ಅವರ ಬಲಕ್ಕೆ ಕುಳಿತು ಪುಸ್ತಕವನ್ನು ಮೊದಲ ಪುಟದಿಂದ ಓದಿದೆ, ಒಂದೊಂದೇ ಸಾಲು, ಪ್ರತಿ ಸಾಲಿಗೂ ಕನ್ನಡ. ಕೊನೆಗೆ ಮೇಜರ್ ಬರೆದದ್ದು: “ಕಡಿಮೆ ಮಾತಿನ, ನಂಬಿಗಸ್ತ ಗನ್ನರ್. ಇವನು ಪಕ್ಕದಲ್ಲಿದ್ದರೆ ಹೊಸಬರಿಗೆ ಧೈರ್ಯ. ತೋಪಿನ ಬಳಿ ದುಡಿದು ಕಿವಿ ಕಳೆದುಕೊಂಡಿದ್ದಾನೆ. ಇವನನ್ನು ಕಳಿಸಲು ನಮಗೆ ಮನಸ್ಸಿಲ್ಲ.”

ಮಾಳಪ್ಪನವರು ಪುಸ್ತಕ ತೆಗೆದುಕೊಂಡು ಆ ನಾಲ್ಕು ಸಾಲನ್ನೇ ನೋಡಿದರು. ನಾನು ಹೇಳಿದ್ದು ಕೇಳಿಸಿತೋ ಇಲ್ಲವೋ ಎಂದು ಅನುಮಾನವಾಯಿತು.

“ಆ ಪುಸ್ತಕ ಕೈಯಾಗ ಕೊಟ್ಟು ಮೇಜರ್ ಸಾಹೇಬ್ರು ಏನೋ ಅಂದ್ರು,” ಎಂದರು. “ಎಲ್ಲಾರ ಮುಂದ, ಭಾಳ ಹೊತ್ತ ಮಾತಾಡಿದ್ರು. ನಂಗ ಒಂದೂ ಕೇಳಸಲಿಲ್ಲ. ಅವ್ರ ಮುಖ ಗಂಟ ಹಾಕಿತ್ತು. ಬೈಯಾಕತ್ತಾರ ಅಂತ ತಿಳ್ಕೊಂಡ್ನಿ. ಕಿವಿ ಕೆಟ್ಟವ, ಕೆಲಸಕ್ಕ ಬಾರದವ ಅಂತ ತಗದ್ರು ಅಂತ ತಲಿ ತಗ್ಗಿಸಿ ಬಂದ್ಬಿಟ್ನಿ.”

“ಇಲ್ಲಿ ಬರದದ್ದನ್ನೇ ಅವರು ಅಂದಿರಬೇಕು,” ಎಂದೆ.

“ಆ ಕಡೀ ಮಾತ ಮತ್ತೊಮ್ಮೆ ಹೇಳ್ರಿ.”

ಹೇಳಿದೆ. ಅವರು ಎದ್ದು ಕುರಿಗಳ ಕಡೆ ನಡೆದು, ನಮಗೆ ಬೆನ್ನು ಮಾಡಿ ನಿಂತುಬಿಟ್ಟರು. ನಾನು ಏಳಲು ಹೋದಾಗ ಸತ್ಯವ್ವ ಕೈ ಅಡ್ಡ ಮಾಡಿ, “ಇರ್ಲಿ ಬಿಡ್ರಿ. ಸ್ವಲ್ಪ ಹೊತ್ತ ಹೋಗ್ಲಿ,” ಅಂದರು. ಮಾಳಪ್ಪನವರು ತಿರುಗಿ ಬಂದಾಗ ಮುಖ ತೊಳೆದುಕೊಂಡಿದ್ದರು. ನಾಲ್ಕನೆಯ ತರಗತಿಯವರೆಗೆ ಕನ್ನಡ ಸಾಲಿ ಕಲಿತಿದ್ದೇನೆ, ಸಾಹೇಬರು ಬರೆದದ್ದನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಕೇಳಿದರು. ನನ್ನ ಡೈರಿಯ ಒಂದು ಹಾಳೆ ಹರಿದು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಆಮೇಲೆ ಅರ್ಜಿಗೆ ಸಹಿ ಹಾಕಿದರು.

ಕಾರ್ಡು ಸುಲಭಕ್ಕೆ ಬರಲಿಲ್ಲ. ಪುಸ್ತಕದಲ್ಲಿ ಮಲ್ಲಪ್ಪ, ಆಧಾರ್ ಕಾರ್ಡಿನಲ್ಲಿ ಮಾಳಪ್ಪ. ಇಬ್ಬರೂ ಒಬ್ಬರೇ ಎಂದು ತಹಸೀಲ್ದಾರ್ ಕಚೇರಿಯಲ್ಲಿ ಅಫಿಡವಿಟ್ ಮಾಡಿಸಿ, ತೋಪಖಾನೆಯ ದಾಖಲೆ ಕಚೇರಿಗೆ ಎರಡು ಸಲ ಪತ್ರ ಬರೆಯಬೇಕಾಯಿತು. ಅವರು ಸೈನ್ಯ ಬಿಟ್ಟ ಕಾಲದ ನಿಯಮದಂತೆ ಐದು ವರ್ಷದ ಸೇವೆ ಸಾಕಾಗಿತ್ತು, ಬಿಡುಗಡೆಯ ಕಾರಣವೂ ಸರಿಯಿತ್ತು. ಏಳು ತಿಂಗಳಿಗೆ ಕಾರ್ಡು ನಮ್ಮ ಕಚೇರಿಗೆ ಬಂತು.

ಮುಂದಿನ ಶಿಬಿರಕ್ಕೆ ಗಂಡ ಹೆಂಡತಿ ಇಬ್ಬರೂ ಬಂದರು. ಮಾಳಪ್ಪನವರು ಕಾರ್ಡಿನ ಎರಡೂ ಬದಿ ತಿರುಗಿಸಿ ನೋಡಿ, ‘ಎಕ್ಸ್ ಸರ್ವಿಸ್‌ಮನ್’ ಎಂಬ ಅಕ್ಷರಗಳ ಮೇಲೆ ಬೆರಳಿಟ್ಟು ಅದೇನೆಂದು ಕೇಳಿದರು. ಮಾಜಿ ಸೈನಿಕ, ಎಂದೆ. ಅದನ್ನು ಒಮ್ಮೆ ತಾವೇ ಹೇಳಿಕೊಂಡು ಹೆಂಡತಿಯ ಕೈಗೆ ಕೊಟ್ಟರು.

“ನೀ ಅವತ್ತ ನನ್ನ ಕೇಳಬೇಕಿತ್ತ ನೋಡು,” ಅಂದರು.

“ನೀವ ಹೇಳಬೇಕಿತ್ತ,” ಎಂದರು ಸತ್ಯವ್ವ, ಬಲಗಿವಿಯ ಹತ್ತಿರ ಬಾಗಿ.

ಸೈನ್ಯದಲ್ಲೂ ಕಚೇರಿಯಲ್ಲೂ ನಾನು ಸಾವಿರಾರು ಕಾಗದ ಬರೆದು ಅವರವರ ಕೈಗೆ ಕೊಟ್ಟಿದ್ದೇನೆ. ಕೊಟ್ಟು ಸಹಿ ತೆಗೆದುಕೊಂಡರೆ ನನ್ನ ಕೆಲಸ ಮುಗಿಯಿತು ಎಂದು ನಂಬಿದ್ದೆ. ಒಂದು ಕಾಗದ ಅದರ ಒಡೆಯನ ಕೈಯಲ್ಲೇ ಇದ್ದೂ ನಲವತ್ತು ವರ್ಷ ಅವನಿಗೆ ತಲುಪದೆ ಉಳಿಯಬಹುದು ಎಂದು ಕಲಿತದ್ದು ಮಾಡಗ್ಯಾಳದ ಆ ಹೊಲದಲ್ಲಿ. ನಿವೃತ್ತಿಯವರೆಗಿನ ಎರಡು ವರ್ಷ, ಯಾರೇ ಪುಸ್ತಕ ತಂದರೂ ಮೊದಲು ಅವರನ್ನು ಕೂರಿಸಿ, ಅದನ್ನು ಅವರ ಮಾತಿನಲ್ಲಿ ಅವರಿಗೇ ಓದಿ ಹೇಳಿದೆ. ಅರ್ಜಿಯ ಪ್ರಶ್ನೆಗಳನ್ನು ಕೇಳುತ್ತಿದ್ದದ್ದು ಆಮೇಲೆ. ನನ್ನ ಸಾಲು ನಿಧಾನವಾಗಿ ಸಾಗುತ್ತದೆ ಎಂದು ಸಹೋದ್ಯೋಗಿಗಳು ಗೊಣಗುತ್ತಿದ್ದರು. ನಿಂತವರು ಮಾತ್ರ ಯಾರೂ ಗೊಣಗಲಿಲ್ಲ. ತಮ್ಮ ಮುಂದಿದ್ದವರ ಪುಸ್ತಕ ಓದುವಾಗ ಅವರೂ ಹತ್ತಿರ ಸರಿದು ಕೇಳಿಸಿಕೊಳ್ಳುತ್ತಿದ್ದರು.