ಮಾರ್ಜಿನ್ನಿನ ಹೀರಾಬಾಯಿ

ಹೆಂಡತಿಯ ನೋಟ್‌ಬುಕ್ ಕಂಡರೆ ತಮ್ಮಣ್ಣನಿಗೆ ಆಗುತ್ತಿರಲಿಲ್ಲ. ಬೆಳಗಾವಿಯ ಆಟೋ ನಗರದಲ್ಲಿ ಮೂವತ್ತು ವರ್ಷ ಲೇಥ್ ಮುಂದೆ ನಿಂತವನು, ಕಾರ್ಮಿಕರ ಸಂಪು ಮಾಡಿದವನು, ಕಂಡಕಂಡವರಿಗೆಲ್ಲ ಅರ್ಜಿ ಬರೆದುಕೊಟ್ಟವನು. ಬರವಣಿಗೆ ತನ್ನ ಹೊಲ ಎಂದೇ ತಿಳಿದಿದ್ದ. ಈಗ ಭರಮವ್ವ ಅದರಲ್ಲಿ ಕುಂಟೆ ಹೊಡೆಯತೊಡಗಿದ್ದಳು.

ಈಗವರು ಇರುವುದು ಖಾನಾಪುರದಲ್ಲಿ. ಪ್ರತಿ ಶನಿವಾರ ಆಕೆ ಬಸ್ ಹತ್ತಿ ಬೆಳಗಾವಿಗೆ, ಗೆಳತಿ ಹೀರಾಬಾಯಿಯ ಮನೆಗೆ. ವಾಚನಾಲಯದಲ್ಲಿ ಕತೆ ಓದುತ್ತ ಕೂಡಿದ ಜೋಡಿ ಅದು. ಓದಿ ಓದಿ ತಮ್ಮ ಬಾಳನ್ನೂ ಬರೆಯತೊಡಗಿದ್ದರು. ಇವಳ ನೋಟ್‌ಬುಕ್ ಅವಳಿಗೆ, ಅವಳದು ಇವಳಿಗೆ. ಓದಿದವಳು ಮಾರ್ಜಿನ್ನಿನಲ್ಲಿ ಕೆಂಪು ಪೆನ್ನಿನಿಂದ ಒಂದು ಪ್ರಶ್ನೆ ಬರೆಯಬೇಕು. ಅದೇ ಕರಾರು.

“ನನಗಷ್ಟು ತೋರಸು. ಅಂಥಾದ್ದೇನೈತಿ ಅದರಾಗ?”

“ನಿಮಗ್ಯಾಕ್ರಿ? ನಿಮ್ಮ ಭಾಷಣ ಕೇಳಿ ಕೇಳಿ ನಮ್ಮ ಕಿವಿ ತೂತ ಬಿದ್ದಾವು, ಸಾಲದೇನು?”

ಆಕೆ ಹಿಟ್ಟಿನ ಗಿರಣಿಗೆ ಹೋದಾಗ ತಮ್ಮಣ್ಣ ಆಕೆಯ ನೋಟ್‌ಬುಕ್ ಕದ್ದು ತೆರೆದ. ತನ್ನನ್ನೇ ಹುಡುಕಿದ. ಸಂಪಿನ ಕಾಲದ ಹಿಂಡಲಗಾ ಜೈಲಿನ ಹದಿನೇಳು ದಿನ ಸಿಕ್ಕವು. ಸಭೆ ಸಭೆಯಲ್ಲಿ ಅವನು ಸಾರುವ ಕತೆ. ಇಲ್ಲಿ ಅವನ ಪಾಲಿಗೆ ಒಂದೇ ಸಾಲು: “ಅವರು ಜೈಲಿನಲ್ಲಿದ್ದರು.” ಉಳಿದ ಮೂರು ಪುಟ ಭರಮವ್ವನದು. ಜ್ವರದ ಕೂಸು ಎತ್ತಿಕೊಂಡು ತವರಿಗೆ ಹೊರಟದ್ದು, ಖಾನಾಪುರದಲ್ಲಿ ಬಸ್ ತಪ್ಪಿ ತವರೂರು ಪಾರಿಶ್ವಾಡದವರೆಗೂ ಸುಡುಬಿಸಿಲಲ್ಲಿ ನಡೆದದ್ದು, ಗಂಡನ ಮಾನ ಉಳಿಸಲು “ಅವರೇ ಬಸ್ ಹತ್ತಿಸಿ ಕಳಿಸ್ಯಾರ” ಎಂದು ಅವ್ವನಿಗೆ ಸುಳ್ಳು ಹೇಳಿದ್ದು.

ಮಾರ್ಜಿನ್ನಿನಲ್ಲಿ ಕೆಂಪಕ್ಷರ: “ದಾರಿಯಲ್ಲಿ ಕೂಸಿಗೆ ಏನು ಹೇಳುತ್ತ ನಡೆದೆ?” ಅದಕ್ಕೆ ಮತ್ತೆರಡು ಪುಟ ಉತ್ತರ.

ಇಪ್ಪತ್ತೆಂಟು ವರ್ಷ ಒಂದೇ ಚಾಪೆ. ಆದರೂ ಈ ಸಂಗತಿ ಆ ಹೆಂಗಸಿಗೆ ಗೊತ್ತು, ತನಗಿಲ್ಲ.

ಭರಮವ್ವ ಹಿಟ್ಟಿನ ಡಬ್ಬಿ ಇಳಿಸುವುದರೊಳಗೆ ತಮ್ಮಣ್ಣ ಮೈಮೇಲೆ ಹೋದ. “ನನಗ ಯಾಕ ಹೇಳಲಿಲ್ಲ? ಆಕಿಗಷ್ಟ ಯಾಕ?”

“ಕದ್ದು ಓದಿದ್ರೇನು? ಭಾಳ ದೊಡ್ಡ ಲೀಡರ್!” ಆಕೆ ಕೈಯ ಹಿಟ್ಟು ಕೊಡವಿದಳು. “ಆಕಿ ಕೇಳಿದಳು, ಬರದೆ. ಜೈಲಿಂದ ಬಂದ ದಿನ ನೀವೇನ್ ಕೇಳಿದ್ರಿ, ನೆನಪೈತಿ? ‘ಪೇಪರಿನ್ಯಾಗ ನನ್ನ ಹೆಸರು ಬಂದಿತ್ತೇನ?’ ಅಂದ್ರಿ.”

ಊರ ಮುಂದೆ ಗಂಟಲು ಹರಿದುಕೊಂಡವನು ನೋಟ್‌ಬುಕ್ ಮತ್ತೆ ಕೈಗೆತ್ತಿಕೊಂಡ. “ಕೆಂಪು ಪೆನ್ ಎಲ್ಲೈತಿ? ನಾನೂ ಒಂದು ಕೇಳತೇನಿ” ಎಂದ.

“ಕೇಳ್ರಿ. ಆದ್ರ ಉತ್ತರ ಮೊದಲ ಹೀರಾಬಾಯಿ ಓದತಾಳ. ಆಮ್ಯಾಲೆ ನಿಮ್ಮ ಪಾಳಿ.”

ಹೀರಾಬಾಯಿಗೆ ಮನಸ್ಸಿನಲ್ಲೇ ಒಂದು ಬೈಗುಳ ಒಗೆದು ತಮ್ಮಣ್ಣ ಪೆನ್ನು ಬಿಚ್ಚಿದ. ಕೈ ರೂಢಿಯಂತೆ “ಮಾನ್ಯರೇ” ಎಂದು ಬರೆದುಬಿಟ್ಟಿತು. ಅದನ್ನು ಹೊಡೆದುಹಾಕಿ, ಏನು ಕೇಳಬೇಕೆಂದು ತಿಳಿಯದೆ ಕುಳಿತ.