ಕಿರಿಯಳು ಮೊದಲು ಹೇಳಬೇಕು

ನಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಮೂರನೆಯ ದಿನ ಸಂಜೆ ಅವರು ಪ್ರಾಣಬಿಟ್ಟ ಜಾಗದಲ್ಲಿ ರಾಗಿಹಿಟ್ಟು ತೆಳ್ಳಗೆ ಹರಡಿ ಮೇಲೊಂದು ಬಿದಿರಿನ ಮಂಕರಿ ಕವುಚುತ್ತಿದ್ದರು. ಬೆಳಕು ಹರಿಯುವಾಗ ಮನೆಯ ಹೆಂಗಸರು ಸುತ್ತ ಕೂತು ಮಂಕರಿ ಎತ್ತುವರು. ಹಿಟ್ಟಿನ ಮೇಲೆ ಹಕ್ಕಿಯ ಕಾಲೋ, ಮಗುವಿನ ಹೆಜ್ಜೆಯೋ, ಹಾವು ಹರಿದ ಗೆರೆಯೋ ಕಂಡರೆ, ಹೋದವರು ಹಾಗೆ ಬಂದು ಹೋದರು ಎಂದು ಲೆಕ್ಕ. ಜಾವಗಲ್ಲಿನ ನಮ್ಮ ಬೀದಿಯಲ್ಲಿ ಇದು ಅಂಥ ದೊಡ್ಡ ಸಂಗತಿಯೇನಲ್ಲ.

ಆದರೆ ಅಜ್ಜಿಯದೊಂದು ಕಟ್ಟುನಿಟ್ಟಿತ್ತು. ಕೂತವರಲ್ಲಿ ಕಿರಿಯಳು ಮೊದಲು ಹೇಳಬೇಕು, ಹಿರಿಯಳು ಕೊನೆಗೆ. ತಾತ ಹೋದಾಗ ಕಿರಿಯಳು ನಾನೇ. ಹೆದರಿಕೆಯಿಂದ ಅಪ್ಪನ ಅಕ್ಕ, ಅಂದರೆ ನಮ್ಮತ್ತೆಯ ಮುಖ ನೋಡಿದೆ. ಅಜ್ಜಿ ಗದರಿದಳು: “ಅವಳ ಮಕ ಯಾಕೆ ನೋಡ್ತೀಯೇ? ಹಿಟ್ಟು ನೋಡು. ದೊಡ್ಡೋರು ಮೊದ್ಲು ಬಾಯ್ಬಿಟ್ರೆ ಚಿಕ್ಕೋರ ಕಣ್ಣು ಕುರುಡಾಗ್ತೈತೆ ಕಣೇ.”

ಬೆಕ್ಕು ಎಂದೆ. ಅಮ್ಮ ಏನೂ ಇಲ್ಲ ಎಂದಳು. ಅತ್ತೆ ಹಕ್ಕಿ ಎಂದಳು. ಅಜ್ಜಿ ಒಬ್ಬರದನ್ನೂ ಸುಳ್ಳೆನ್ನದೆ, ತನಗೆ ಕಂಡದ್ದನ್ನೂ ಹೇಳಿ, ಹಿಟ್ಟು ಬಾಚಿಕೊಂಡು ಎದ್ದಳು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬೇಲೂರಿನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಪಾಠ ಹೇಳುತ್ತ ಪಿಎಚ್.ಡಿ. ಬರೆಯುತ್ತಿದ್ದೆ. ಅದರ ಒಂದು ಅಧ್ಯಾಯ ಪೂರ್ತಿ ಅಜ್ಜಿಯ ಆ ಮಾತಿನ ಮೇಲೆ ನಿಂತಿತ್ತು. ದೊಡ್ಡವರೆನಿಸಿಕೊಂಡವರು ಮೊದಲು ಮಾತಾಡಿದರೆ ಉಳಿದವರಿಗೆ ಕಾಣುವುದೇ ಬದಲಾಗುತ್ತದೆ. ಇದು ಬರೀ ಆಚರಣೆಯಲ್ಲ, ಸಿದ್ಧಾಂತ ಎಂದು ನನ್ನ ವಾದ. ಗೈಡ್ ಓದಿ ಕನ್ನಡಕ ತೆಗೆದಿಟ್ಟರು.

“ಚೆನ್ನಾಗಿದೆಯಮ್ಮ. ಆದರೆ ಇದು ಮಾಹಿತಿ. ಥಿಯರಿ ಎಲ್ಲಿದೆ? ಹೊರದೇಶದವರು ಯಾರಾದರೂ ಹೀಗೆ ಹೇಳಿದ್ದಾರಾ, ಹುಡುಕಿ. ಇಲ್ಲದಿದ್ದರೆ ಈ ಅಧ್ಯಾಯ ನಿಲ್ಲಲ್ಲ.”

ಕೆಟ್ಟವರಲ್ಲ ಅವರು. ಅವರ ಗೈಡೂ ಅವರಿಗೆ ಇದನ್ನೇ ಹೇಳಿರಬೇಕು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಯೂನಿವರ್ಸಿಟಿಯಲ್ಲಿ ಸಿಕ್ಕಷ್ಟು ಮರ್ಯಾದೆ ಹಳ್ಳಿಯಲ್ಲೂ ಸಿಕ್ಕಿಲ್ಲ. ರಾಗಿ ನಮ್ಮದಾದರೂ ಬೀಸುವ ಕಲ್ಲು ಸಮುದ್ರದಾಚೆಯಿಂದಲೇ ಬರಬೇಕು! ಹಳೇಬೀಡಿನಲ್ಲಿ ಬಸ್ಸು ಬದಲಿಸಿ ಊರು ಸೇರುವವರೆಗೂ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು.

ಅಜ್ಜಿ ಆಗಲೇ ಹಾಸಿಗೆ ಹಿಡಿದಿದ್ದಳು. “ನಾನಂದಿದ್ದು ಒಪ್ಪಿದ್ರಾ ನಿಮ್ಮ ಮೇಷ್ಟ್ರು?” ಎಂದು ಕೇಳಿದಳು. ಇಲ್ಲ ಎಂದೆ. ಬೊಚ್ಚುಬಾಯಿ ಬಿಟ್ಟು ನಕ್ಕಳು.

“ಅವ್ರಿಗಿಂತ ಮೊದ್ಲೇ ಯಾರೋ ದೊಡ್ಡೋರು ಬಾಯ್ಬಿಟ್ಟವ್ರೆ ಬಿಡು.”

ಆ ವಾರವೇ ಅವಳು ಹೋದಳು. ಅಳು ಬಂದಷ್ಟೇ ಹಟವೂ ಬಂತು. ಮಂಕರಿ ಎತ್ತುವ ಬೆಳಗನ್ನು ಕಣ್ಣಾರೆ ನೋಡಿ, ಹಾಗೆಯೇ ಬರೆದು, ಅಧ್ಯಾಯವನ್ನು ಯಾರ ಊರುಗೋಲೂ ಇಲ್ಲದೆ ನಿಲ್ಲಿಸುತ್ತೇನೆ ಅಂದುಕೊಂಡೆ.

ಮೂರನೆಯ ದಿನ ಕಳೆದು, ಬೆಳಗಿನ ಜಾವ ನಡುಮನೆಯಲ್ಲಿ ಮಲಗಿದ್ದ ನಮಗೆಲ್ಲ ಮಂಕರಿಯ ಒಳಗಿಂದ ಏನೋ ಕೆರೆದ ಸದ್ದು ಕೇಳಿತು. ಯಾರೂ ಏಳಲಿಲ್ಲ. ಎಲ್ಲರೂ ಎಚ್ಚರವಾಗಿದ್ದಾರೆಂದು ಉಸಿರಿನಿಂದಲೇ ಗೊತ್ತಾಗುತ್ತಿತ್ತು.

ಬೆಳಕಾದ ಮೇಲೆ ನಾಲ್ವರು ಕೂತೆವು: ಅತ್ತೆ, ಅಮ್ಮ, ನಾನು, ಆ ವರ್ಷ ಮದುವೆಯಾಗಿ ಬಂದಿದ್ದ ನನ್ನ ತಮ್ಮನ ಹೆಂಡತಿ. ಅವಳೇ ಕಿರಿಯಳು. ಅತ್ತೆ ಮಂಕರಿ ಎತ್ತಿದಳು.

ಗುರುತಿತ್ತು. ಪುಟ್ಟ ಪಾದದ್ದು, ಒಂದೇ ಒಂದು. ಬೆರಳುಗಳು ನನ್ನ ಕಡೆಗೆ ತಿರುಗಿದ್ದವು. ಯಾರಿಗೆ ಏನು ಕಂಡಿತೋ ಎಂದು ತಲೆ ಎತ್ತಿದೆ.

ಯಾರೂ ಹಿಟ್ಟು ನೋಡುತ್ತಿರಲಿಲ್ಲ. ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು.

“ಓದ್ದೋಳು ನೀನು. ನೀನೇ ಮೊದ್ಲು ಹೇಳವ್ವ,” ಎಂದಳು ಅತ್ತೆ.

“ಅಜ್ಜಿ ಏನಂತಿದ್ಲು ಅತ್ತೆ? ಕಿರಿಯಳು ಇವಳಲ್ವಾ?” ತಮ್ಮನ ಹೆಂಡತಿಯ ಕೈ ಹಿಡಿದುಕೊಂಡೆ. “ನೀನು ಹೇಳಮ್ಮ. ನಿಂಗೆ ಏನ್ ಕಾಣುತ್ತೆ? ನನ್ನ ನೋಡಬೇಡ, ಕೆಳಗೆ ನೋಡು.”

ಅವಳು ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ರೆಪ್ಪೆಯನ್ನೂ ಬಡಿಯಲಿಲ್ಲ.

“ಅಕ್ಕಂಗೆ ಏನ್ ಕಾಣ್ತೋ, ನಂಗೂ ಅದೇ ಕಾಣ್ತೈತೆ,” ಎಂದಳು.

ಅಮ್ಮ ಹೌದೆಂದು ತಲೆಯಾಡಿಸಿದಳು. “ನಂಗೂ ಅದೇಯ,” ಎಂದು ಅತ್ತೆ ಕೈ ಚಾಚಿ ಹಿಟ್ಟು ಬಾಚತೊಡಗಿದಳು.

ನಾನಿನ್ನೂ ಏನೂ ಹೇಳಿರಲಿಲ್ಲ.