ಬೋಳು ಕುತ್ತಿಗೆ ಕಂಡರಾಗದ ನನ್ನಕ್ಕ

ನನ್ನಕ್ಕನದು ಬ್ಯೂಟಿ ಪಾರ್ಲರ್. ಬೆಳಗಿನಿಂದ ಸಂಜೆವರೆಗೆ ಊರವರ ತಲೆಗೂದಲು ತಿದ್ದಿ ತೀಡುವವಳು, ಮನೆಗೆ ಬಂದು ಕೋಳಿಗಳನ್ನೂ ಅದೇ ಕಣ್ಣಲ್ಲಿ ನೋಡಿದರೆ ನಾನೇನು ಮಾಡಲಿ ಹೇಳಿ?

ಅಮ್ಮ ನಮ್ಮಿಬ್ಬರಿಗೆ ಬಿಟ್ಟುಹೋದದ್ದು ಹಿತ್ತಲಿನ ಕೋಳಿಗೂಡು. ಅದರಲ್ಲಿ ಮೈತುಂಬ ಗರಿಯಿದ್ದವೂ ಇದ್ದವು, ಹುಟ್ಟಿನಿಂದಲೇ ಕುತ್ತಿಗೆ ಬೋಳಾದವೂ ಇದ್ದವು. "ಇವನ್ನ ಉಳಿಸಿಕೊಳ್ಳಿ" ಅಂದಿದ್ದಳು ಅಮ್ಮ, ಅಷ್ಟೇ. ಅಕ್ಕನಿಗೆ ಬೋಳು ಕುತ್ತಿಗೆ ಕಂಡರಾಗದು. "ಥೂ, ಅರ್ಧ ಕ್ಷೌರಕ್ಕೇ ಎದ್ದು ಓಡಿಬಂದ ಹಾಗಿದೆ" ಅನ್ನುತ್ತಿದ್ದಳು. ಮರಿಯಾದಾಗಲೆಲ್ಲ ಬೋಳಾದವನ್ನು ಹೆಕ್ಕಿ ಹೆಕ್ಕಿ ಪಕ್ಕದ ಮನೆಯ ಟೈಲರಮ್ಮನಿಗೆ ಕೊಟ್ಟುಬಿಟ್ಟಳು. ಕೊನೆಗೆ ನಮ್ಮ ಗೂಡಲ್ಲಿ ಉಳಿದದ್ದು ದಪ್ಪ ಸ್ವೆಟರ್ ಹಾಕಿಕೊಂಡಂಥ ಕೋಳಿಗಳು ಮಾತ್ರ.

ಬೇಸಿಗೆಯೋ, ವರ್ಷದಿಂದ ವರ್ಷಕ್ಕೆ ಏರುತ್ತಲೇ ಇತ್ತು.

"ಅಕ್ಕಾ, ಕೋಳಿಗೆ ನಮ್ಮ ಹಾಗೆ ಬೆವರೋಕೆ ಬರಲ್ಲ. ಬೋಳು ಕುತ್ತಿಗೆಯಿಂದ ಮೈಯ ಬಿಸಿ ಹೊರಗೆ ಹೋಗುತ್ತೆ. ಈ ಬಿಸಿಲು ತಾಳೋವೇ ಉಳಿದು ಮರಿ ಮಾಡ್ತವೆ. ನೀನ್ಯಾಕೆ ಅಡ್ಡ ಬರ್ತೀಯ?" ಅಂದೆ.

"ನನ್ನ ಗೂಡಲ್ಲಿ ಆರಿಸೋಳು ನಾನು, ಬಿಸಿಲಲ್ಲ" ಅಂದಳು ಮಹಾರಾಯ್ತಿ.

ಹಾಗಂದವಳು ಸುಮ್ಮನಿದ್ದಳೇ? ಗೂಡಿಗೆ ಫ್ಯಾನು, ಒದ್ದೆ ಗೋಣಿಚೀಲ, ಐಸು! ನೀರು ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಯಿತು.

ಈ ಬೇಸಿಗೆಯಲ್ಲಿ, ನಾವಿಬ್ಬರೂ ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬಂದು ನೋಡಿದರೆ ಎಲ್ಲವೂ ಕೊಕ್ಕು ತೆರೆದುಕೊಂಡೇ ಸತ್ತುಬಿದ್ದಿದ್ದವು. ಅಮ್ಮನ ಗೂಡಿನಲ್ಲಿ ಒಂದೂ ಉಳಿದಿರಲಿಲ್ಲ. ಅಳಬೇಕೋ ಅಕ್ಕನನ್ನು ಬಯ್ಯಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಗೋಡೆಯಾಚೆ ಟೈಲರಮ್ಮನ ಬೋಳು ಕೋಳಿಗಳು ಆರಾಮಾಗಿ ಮಣ್ಣು ಕೆದಕುತ್ತಿದ್ದವು. ಅಮ್ಮನ ಕೋಳಿಗಳ ವಂಶ ಅಂತ ಇನ್ನು ಇರುವುದು ಅಲ್ಲಿ ಮಾತ್ರ. ಅಕ್ಕನನ್ನು ದರದರ ಎಳೆದುಕೊಂಡು ಹೋದೆ. ಟೈಲರಮ್ಮ ಹೊಲಿಗೆ ನಿಲ್ಲಿಸಿ, ಮರಿಗಳ ಬುಟ್ಟಿ ಮುಂದಿಟ್ಟು, "ನಿಮ್ಮವೇ ಅಲ್ವೇನಮ್ಮಾ, ಬೇಕಾದ್ದು ತಗೊಳ್ಳಿ" ಅಂದರು.

ಅಕ್ಕನ ಕೈ ನೆಟ್ಟಗೆ ಹೋದದ್ದು ಎಲ್ಲಿಗೆ ಗೊತ್ತೇ? ಇಡೀ ಬುಟ್ಟಿಯಲ್ಲಿ ಕುತ್ತಿಗೆ ತುಂಬ ತುಪ್ಪುಳವಿದ್ದ ಒಂದೇ ಒಂದು ಮರಿಗೆ!

"ಅಮ್ಮನ ಕೋಳಿ ಉಳೀಬೇಕಾ, ಬೇಡ್ವಾ?" ಕಿರುಚಿಯೇಬಿಟ್ಟೆ.

ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. ತೀರಾ ಬೋಳಾದ ಮರಿಯೊಂದನ್ನು ಎತ್ತಿ ಎದೆಗೊತ್ತಿಕೊಂಡಳು. ಕಣ್ಣಲ್ಲಿ ನೀರಿತ್ತು. ಸದ್ಯ, ಈಗಲಾದರೂ ಬುದ್ಧಿ ಬಂತಲ್ಲ ಅಂದುಕೊಂಡೆ. ಅಷ್ಟರಲ್ಲಿ ಹೊಲಿಗೆಯಂತ್ರದ ಕೆಳಗೆ ಬಿದ್ದಿದ್ದ ಬಟ್ಟೆಚೂರೊಂದನ್ನು ಹೆಕ್ಕಿಕೊಂಡು, ಆ ಸುಡುಸೆಕೆಯಲ್ಲಿ, ಮರಿಯ ಕುತ್ತಿಗೆಗೆ ಸುತ್ತತೊಡಗಿದಳು.